ನಿದ್ದೆ ತಡೆಯುವ ಮಾತ್ರೆಗೂ ದಫ್ತರು ಬೇಕು

ಮಾನ್ಯ ಸಂಪಾದಕರೇ,

ರಾತ್ರಿ ಪಾಳಿಯವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಮೊಡಾಫಿನಿಲ್, ಆರ್‌ಮೊಡಾಫಿನಿಲ್ ಮಾತ್ರೆಗಳನ್ನು ತಲೆನೋವಿನ ಗುಳಿಗೆಯಂತೆ ಕೇಳಿ ಪಡೆಯುವುದು ನಡೆದೇ ಇದೆ. ವೈದ್ಯರ ಚೀಟಿ ಇಲ್ಲದೆ ಇವನ್ನು ಮಾರುವಂತಿಲ್ಲ. ಚುರುಕು ತರುವ ಇನ್ನೊಂದು ಔಷಧ ಮೀಥೈಲ್‌ಫೆನಿಡೇಟ್ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ, ಇವು ಇಲ್ಲ ಎಂಬುದನ್ನೇ ಹಲವರು ‘ಅಪಾಯವಿಲ್ಲ’ ಎಂದು ಓದಿಕೊಂಡಿದ್ದಾರೆ.

ಇವು ನಿಜವಾಗಿ ಬೇಕಾಗಿರುವುದು ನಾರ್ಕೊಲೆಪ್ಸಿ ಇರುವವರಿಗೆ. ರಾತ್ರಿ ಮಲಗಿದರೂ ಹಗಲಲ್ಲಿ ತಡೆಯಲಾಗದ ನಿದ್ದೆ ಬರುವ ಕಾಯಿಲೆ ಇದು. ರಾತ್ರಿಯಿಡೀ ನಿದ್ರಾ ಪರೀಕ್ಷೆ, ಮರುದಿನ ಎರಡೆರಡು ಗಂಟೆಗೊಮ್ಮೆ ನಾಲ್ಕೈದು ಸಲ ಮಲಗಿಸಿ ನಿದ್ದೆ ಹತ್ತಲು ಎಷ್ಟು ನಿಮಿಷ ಹಿಡಿಯಿತೆಂಬ ಅಳತೆ, ಇಷ್ಟಾದ ಮೇಲೆಯೇ ರೋಗ ನಿರ್ಣಯ. ಗೊರಕೆಯ ನಡುವೆ ಉಸಿರು ಕಟ್ಟುವವರಿಗೆ ಮೊದಲು ಬೇಕಾದದ್ದು ಮುಖವಾಡದ ಮೂಲಕ ಗಾಳಿಯೊತ್ತಿ ಶ್ವಾಸದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ. ಮಾತ್ರೆ ಮುಚ್ಚಿದ ಶ್ವಾಸದಾರಿಯನ್ನು ತೆರೆಯುವುದಿಲ್ಲ. ತೂಕಡಿಕೆಯನ್ನಷ್ಟೇ ಮರೆಮಾಚುತ್ತದೆ, ಒಳಗೆ ರಕ್ತದೊತ್ತಡ ಏರುತ್ತಲೇ ಇರಬಹುದು.

ರಾತ್ರಿ ಪಾಳಿಯವರಿಗೆ ಇದರಿಂದ ಎಷ್ಟು ಲಾಭ? 2005ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ, ಪಾಳಿಯ ಹೊತ್ತಿನಲ್ಲಿ ಮಲಗಿಸಿದರೆ ಸುಮಾರು 2 ನಿಮಿಷಕ್ಕೆ ನಿದ್ದೆಗೆ ಜಾರುತ್ತಿದ್ದವರು 200 ಮಿಲಿಗ್ರಾಂ ಮೊಡಾಫಿನಿಲ್ ತೆಗೆದುಕೊಂಡ ಮೇಲೆ 4 ನಿಮಿಷವನ್ನೂ ಮುಟ್ಟಲಿಲ್ಲ. ಚೆನ್ನಾಗಿ ನಿದ್ದೆ ಮಾಡಿದವರಿಗೆ ಹಗಲಲ್ಲಿ 10 ನಿಮಿಷಕ್ಕಿಂತ ಹೆಚ್ಚು ಬೇಕು. ಮಾತ್ರೆ ನುಂಗಿದ್ದೇನೆಂದು ಧೈರ್ಯವಾಗಿ ಬೆಳಗಿನ ಜಾವ ಬೈಕ್ ಹತ್ತುವವರು ಈ ಅಂತರವನ್ನು ಗಮನಿಸಬೇಕು.

ಹೆಚ್ಚಿನ ತಪ್ಪು ಆಗುವುದು ಸಮಯದ ಲೆಕ್ಕದಲ್ಲಿ. ಮಾತ್ರೆಯ ಪ್ರಮಾಣ ರಕ್ತದಲ್ಲಿ ತುತ್ತತುದಿಗೆ ಏರಲು 2ರಿಂದ 4 ಗಂಟೆ ಬೇಕು. ಒಂದು ಗಂಟೆ ಕಾದು ‘ಏನೂ ಆಗಲಿಲ್ಲ’ ಎಂದು ಇನ್ನೊಂದು ನುಂಗಿದರೆ ನಡುರಾತ್ರಿ ಎದೆ ಡವಗುಟ್ಟುತ್ತದೆ, ತಲೆ ಸಿಡಿಯುತ್ತದೆ, ಕಳವಳ ಹಿಡಿಯುತ್ತದೆ. ಅರ್ಧಾಯುಷ್ಯ, ಅಂದರೆ ಮೈಯಲ್ಲಿರುವ ಔಷಧ ಅರ್ಧಕ್ಕಿಳಿಯಲು ಹಿಡಿಯುವ ಸಮಯ, ಸುಮಾರು 15 ಗಂಟೆ. ರಾತ್ರಿ 9ಕ್ಕೆ ತೆಗೆದುಕೊಂಡದ್ದರ ಅರ್ಧಭಾಗ ಮರುದಿನ ಮಧ್ಯಾಹ್ನ 12ಕ್ಕೂ ಮೈಯಲ್ಲೇ ಇರುತ್ತದೆ. ಹಗಲು ನಿದ್ದೆ ಕೆಡುತ್ತದೆ, ಮರುರಾತ್ರಿ ಮತ್ತೆ ಮಾತ್ರೆ ಬೇಕೆನಿಸುತ್ತದೆ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದನ್ನು ಕೊಡುವುದೂ ಸರಿಯಲ್ಲ: ಆರ್‌ಮೊಡಾಫಿನಿಲ್‌ನ ವಾಡಿಕೆಯ ಪ್ರಮಾಣ 150 ಮಿಲಿಗ್ರಾಂ, ಮೊಡಾಫಿನಿಲ್‌ನದು 200.

ಚೀಟಿಯಿಲ್ಲದೆ ಕೊಳ್ಳುವ ಹೆಣ್ಣುಮಕ್ಕಳಿಗೆ ಯಾರೂ ಹೇಳದ ಮಾತೊಂದಿದೆ, ನಮ್ಮನ್ನು ಅತಿ ಹೆಚ್ಚು ಕಾಡುವುದೂ ಅದೇ. ಮೊಡಾಫಿನಿಲ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಹಾರ್ಮೋನಿನ ಗರ್ಭನಿರೋಧಕ ಗುಳಿಗೆಯನ್ನು ಬೇಗ ಕರಗಿಸಿಬಿಡುತ್ತದೆ. ತುರ್ತು ಗುಳಿಗೆಯ ಬಲವೂ ತಗ್ಗಬಹುದು. ಮೊಡಾಫಿನಿಲ್ ನಿಲ್ಲಿಸಿದ ಮೇಲೂ ಕನಿಷ್ಠ ಒಂದು ತಿಂಗಳು ಬೇರೆ ವಿಧಾನ ಬೇಕು. ಬ್ರಿಟನ್‌ನ ಸೂಚನೆ ಎರಡು ತಿಂಗಳು. ಕಾಪರ್-ಟಿ, ಕಾಂಡೋಮ್‌ಗೆ ಈ ತೊಂದರೆಯಿಲ್ಲ. ಗರ್ಭದಲ್ಲಿರುವ ಮಗುವಿಗೆ ಜನ್ಮದೋಷದ ಅಪಾಯವಿದೆಯೆಂದು 2019ರಿಂದೀಚೆಗೆ ಕೆನಡಾ, ಬ್ರಿಟನ್ ಎಚ್ಚರಿಸಿರುವುದರಿಂದ ಇದನ್ನು ಹಗುರವಾಗಿ ಕಾಣುವಂತಿಲ್ಲ.

ಅಪಸ್ಮಾರಕ್ಕೆ ಫೆನಿಟೊಯಿನ್, ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಇದನ್ನು ಮುಟ್ಟಬಾರದು. ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಆ ಕ್ಷಣವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು; ಅಪರೂಪಕ್ಕೆ ಅದು ಚರ್ಮವೇ ಸುಲಿಯುವ ಸ್ಟೀವನ್ಸ್-ಜಾನ್ಸನ್ ಕಾಯಿಲೆಗೆ ತಿರುಗುತ್ತದೆ.

ವಿದೇಶಕ್ಕೆ ಹೊರಟ ಎಂಜಿನಿಯರುಗಳಿಗೂ ಒಂದು ಮಾತು. ಅಮೆರಿಕದಲ್ಲಿ ಇದು ನಾಲ್ಕನೇ ಪಟ್ಟಿಯ ನಿಯಂತ್ರಿತ ಔಷಧ, ಜಪಾನಿನಲ್ಲಿ ಮೊದಲ ದರ್ಜೆಯ ಮನೋಪ್ರಭಾವಿ ಔಷಧ. ನಿಯಮ ತಿಳಿಯದೆ, ಚೀಟಿಯಿಲ್ಲದೆ ಚೀಲದಲ್ಲಿ ಹಾಕಿಕೊಂಡು ಹೋಗಬೇಡಿ.

ನಿದ್ದೆ ಬರಿಸುವ ಝೋಲ್ಪಿಡೆಂ ನಮ್ಮಲ್ಲಿ ಎಚ್1 ಪಟ್ಟಿಯಲ್ಲಿದೆ. ಆ ಪಟ್ಟಿಯ ಔಷಧ ಮಾರಿದರೆ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ದಫ್ತರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ನಿದ್ದೆ ತಡೆಯುವ ಮಾತ್ರೆಯನ್ನೂ ಅದೇ ಪಟ್ಟಿಗೆ ಸೇರಿಸುವಂತೆ ರಾಜ್ಯದ ಔಷಧ ನಿಯಂತ್ರಣ ಇಲಾಖೆ ಕೇಂದ್ರಕ್ಕೆ ಬರೆಯಲಿ. ಅಲ್ಲಿಯವರೆಗೆ ಇನ್‌ಸ್ಪೆಕ್ಟರ್‌ಗಳು ಅಂಗಡಿಯ ಖರೀದಿ ಬಿಲ್ಲನ್ನೂ ಚೀಟಿಯ ಮೇಲಿನ ಮಾರಾಟದ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಲಿ.

— ಔಷಧ ವಿಜ್ಞಾನದ ಅಧ್ಯಾಪಕರು, ಮೈಸೂರು