ಮೆತ್ತಗಾದ ಸಾಬೂನನ್ನು ಎಸೆಯಬೇಡ: ಗೆಳೆಯನಿಗೊಂದು ಪತ್ರ

ಬಸವನಗುಡಿ, ಬೆಂಗಳೂರು

ಪ್ರೀತಿಯ ಗೆಳೆಯನಿಗೆ ನಮಸ್ಕಾರಗಳು.

ನೀನು ಮನೆಯಲ್ಲೇ ಮಾಡಿ ವಿಜಯನಗರದಿಂದ ಕಳಿಸಿಕೊಟ್ಟ ಸಾಬೂನಿನ ಬಿಲ್ಲೆ ಶನಿವಾರ ಕೈಸೇರಿತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಬೆರಳಿನ ಗೆರೆಗಳ ಸಮೇತ ಗುರುತು ಹಾಗೆಯೇ ಉಳಿಯಿತು. ಆರು ವಾರ ಕಾದರೂ ಗಟ್ಟಿಯಾಗಲಿಲ್ಲ, ಎಲ್ಲವನ್ನೂ ಎಸೆದುಬಿಡುತ್ತೇನೆ ಎಂದು ನೀನು ಬರೆದಿರುವುದನ್ನು ಓದಿ ನನಗೆ ತಡೆಯಲಾಗಲಿಲ್ಲ. ದಯವಿಟ್ಟು ಎಸೆಯಬೇಡ, ಅದನ್ನು ಖಂಡಿತ ಸರಿಪಡಿಸಬಹುದು.

ಸಾಬೂನು ಮೆತ್ತಗಾಗಲು ಮುಖ್ಯವಾಗಿ ಎರಡು ಕಾರಣಗಳಿವೆ: ನೀರು ಹೆಚ್ಚಾಗಿರಬೇಕು, ಇಲ್ಲವೇ ಎಣ್ಣೆಯನ್ನು ಸಾಬೂನಾಗಿಸುವ ಕಾಸ್ಟಿಕ್ ಸೋಡಾ ಸಾಲದೆ ಎಣ್ಣೆ ಎಣ್ಣೆಯಾಗಿಯೇ ಉಳಿದಿರಬೇಕು. ನೀರಿನಿಂದ ಮೆತ್ತಗಾದದ್ದು ಗಾಳಿಗಿಟ್ಟರೆ ವಾರದಿಂದ ವಾರಕ್ಕೆ ತೂಕ ಕಳೆದುಕೊಂಡು ತಾನಾಗಿಯೇ ಗಟ್ಟಿಯಾಗುತ್ತದೆ, ನಮ್ಮೂರಿನ ಮಳೆಗಾಲದಲ್ಲಿ ಸ್ವಲ್ಪ ತಡವಾಗುತ್ತದೆ ಅಷ್ಟೆ. ಎಣ್ಣೆ ಉಳಿದು ಮೆತ್ತಗಾದದ್ದು ಎಷ್ಟು ಕಾದರೂ ಗಟ್ಟಿಯಾಗುವುದಿಲ್ಲ. ನಿನ್ನ ಬಿಲ್ಲೆಯನ್ನು ಹಳೆಯ ದಿನಪತ್ರಿಕೆಯ ಮೇಲೆ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಎತ್ತಿ ನೋಡಿದರೆ ಬೋಂಡಾ ಕಟ್ಟಿದ ಕಾಗದದ ಹಾಗೆ ಅಡಿಯಲ್ಲಿ ಜಿಡ್ಡಿನ ಕಲೆ, ಹಿಂದಿನ ಪುಟದ ಅಕ್ಷರಗಳೂ ಅದರೊಳಗಿಂದ ಕಾಣುತ್ತಿದ್ದವು.

ಆಮೇಲೆ ನಿನ್ನ ಅಳತೆಗಳನ್ನು ಲೆಕ್ಕ ಹಾಕಿದೆ. ಒಂದೊಂದು ಎಣ್ಣೆ ಬೇಡುವ ಸೋಡಾದ ಪ್ರಮಾಣ ಬೇರೆ ಬೇರೆ: ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ, ಸೂರ್ಯಕಾಂತಿಗೆ 0.135, ಹರಳೆಣ್ಣೆಗೆ 0.128. ನೀನು ಹಾಕಿದ 200 ಗ್ರಾಂ ಕೊಬ್ಬರಿ ಎಣ್ಣೆ, 600 ಗ್ರಾಂ ಸೂರ್ಯಕಾಂತಿ, 200 ಗ್ರಾಂ ಹರಳೆಣ್ಣೆ ಎಲ್ಲವೂ ಪೂರ್ತಿ ಸಾಬೂನಾಗಲು 143 ಗ್ರಾಂ ಸೋಡಾ ಬೇಕು. ಚರ್ಮಕ್ಕೆ ಹಿತವಾಗಿರಲೆಂದು ಶೇಕಡಾ 5ರಷ್ಟು ಎಣ್ಣೆ ಬಿಟ್ಟರೂ 136 ಗ್ರಾಂ. ನೀನು ಹಾಕಿದ್ದು 120. ಅಂದರೆ ಎಣ್ಣೆಯಲ್ಲಿ ಶೇಕಡಾ 16ರಷ್ಟು ಹಾಗೆಯೇ ಉಳಿದಿದೆ, ಅದರಲ್ಲೂ ಸೂರ್ಯಕಾಂತಿ ಬೇಗ ಕನರುವ ಎಣ್ಣೆ; ಇನ್ನೂ ಕಾಯುತ್ತ ಕುಳಿತರೆ ಕಿತ್ತಳೆ ಬಣ್ಣದ ಚುಕ್ಕೆಗಳೂ ಕಮಟು ವಾಸನೆಯೂ ಬರುತ್ತವೆ.

ಆದ್ದರಿಂದ ಈ ಭಾನುವಾರವೇ ಕೆಲಸಕ್ಕೆ ಕೈಹಾಕು. ಹನ್ನೆರಡು ಬಿಲ್ಲೆಗಳಲ್ಲಿ ಒಂದು ನನ್ನ ಬಳಿ ಇದೆ, ಒಂದನ್ನು ಅಮ್ಮ ಬಟ್ಟೆಗೆ ಬಳಸಿದರೆಂದು ಬರೆದಿದ್ದೀಯೆ. 136ಕ್ಕೆ ಕಡಿಮೆಬಿದ್ದ 16 ಗ್ರಾಂ ಪೂರ್ತಿ ಉಳಿದ ಹತ್ತಕ್ಕೆ ಬೇಡ, 13 ಗ್ರಾಂ ಸೋಡಾ ಸಾಕು, ಮತ್ತು ಅದನ್ನು ಚಮಚದಲ್ಲಿ ಅಳೆಯದೆ ತಕ್ಕಡಿಯಲ್ಲೇ ತೂಗು. 30 ಗ್ರಾಂ ನೀರಿಗೆ ಸೋಡಾವನ್ನು ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಲೇಬಾರದು. ಕೈಗವಸು, ಕನ್ನಡಕ ಹಾಕಿಕೋ, ಕಿಟಕಿ ತೆರೆದಿಡು; ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿಂದು ಹೈಡ್ರೋಜನ್ ಬಿಡುತ್ತದೆ, ಸ್ಟೀಲಿನದನ್ನೇ ಬಳಸು. ಬಿಲ್ಲೆಗಳನ್ನು ತುರಿದು ಸ್ಟೀಲ್ ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ಕುದಿಯುವ ನೀರಿನ ಮೇಲಿಟ್ಟು, ತುರಿ ಕರಗತೊಡಗಿದಾಗ ಸೋಡಾ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತಾ ಹೋಗು. ಮೊದಲು ಗಂಟುಗಂಟಾಗಿ ಕಾಣುತ್ತದೆ, ಗಾಬರಿಯಾಗಬೇಡ. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ, ಆಗಾಗ ತಿರುವುತ್ತಿದ್ದರೆ, ರಾಗಿಮುದ್ದೆಯ ಹದಕ್ಕೆ ಬಂದು ಅಂಚಿನಲ್ಲಿ ಮಿರುಗತೊಡಗುತ್ತದೆ. ಆಗ ಅಚ್ಚಿಗೆ ತುಂಬಿ, ಗಾಳಿ ಉಳಿಯದಂತೆ ಮೇಜಿನ ಮೇಲೆ ಕುಟ್ಟು. ಮೇಲ್ಮೈ ಮೊದಲಿನಷ್ಟು ನುಣುಪಾಗಿರುವುದಿಲ್ಲ, ನನಗಂತೂ ಆ ಒರಟುತನವೇ ಇಷ್ಟ.

ಎರಡು ದಿನ ಬಿಟ್ಟು ಕತ್ತರಿಸಿ, ನಾಲ್ಕು ವಾರ ನೆರಳಿನಲ್ಲಿ ಬಿಡಿಬಿಡಿಯಾಗಿ ಜೋಡಿಸಿಡು. ಬಳಸುವ ಮುನ್ನ ಒದ್ದೆ ಬೆರಳನ್ನು ಬಿಲ್ಲೆಗೆ ಉಜ್ಜಿ ನಾಲಿಗೆಯ ತುದಿಗೆ ಮುಟ್ಟಿಸಿ ನೋಡು. ಬ್ಯಾಟರಿ ಮುಟ್ಟಿದಂತೆ ಚುರುಕ್ಕೆಂದರೆ ಸೋಡಾ ಉಳಿದಿದೆ ಎಂದರ್ಥ, ಅದನ್ನು ಮೈಗೆ ಹಚ್ಚಬಾರದು. ಒಂದು ಮಾತು: ನಿನ್ನ ಬಿಲ್ಲೆಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ತಯಾರಾಗುತ್ತಿರುವ ಮೈಸೂರು ಸ್ಯಾಂಡಲ್ ಸೋಪಿನೊಂದಿಗೆ ಹೋಲಿಸಿ ಬೇಸರಪಡಬೇಡ. ಕಾರ್ಖಾನೆಗಳಲ್ಲಿ ಸಾಬೂನನ್ನು ಒಣಗಿಸಿ ಯಂತ್ರದಲ್ಲಿ ಒತ್ತುತ್ತಾರೆ. ನಮಗಿರುವುದು ಗಾಳಿ ಮತ್ತು ದಿನಗಳು ಮಾತ್ರ.

ಮುಂದಿನ ಸಲ 350 ಗ್ರಾಂ ಕೊಬ್ಬರಿ ಎಣ್ಣೆ, 350 ತಾಳೆ ಎಣ್ಣೆ, 250 ಸೂರ್ಯಕಾಂತಿ, 50 ಹರಳೆಣ್ಣೆ ತೆಗೆದುಕೋ. ಹರಳೆಣ್ಣೆ ಹೆಚ್ಚಾದರೆ ಸಾಬೂನು ಅಂಟಂಟಾಗುತ್ತದೆ, ನಿನ್ನದಕ್ಕೆ ಅದೂ ಒಂದು ಕಾರಣ. ಇದಕ್ಕೆ ಸೋಡಾ 146 ಗ್ರಾಂ, ನೀರು ಅದರ ಎರಡರಷ್ಟು. ಸೋಡಾ ಹಾಕುವ ಮೊದಲೇ ಆ ನೀರಿನಲ್ಲಿ ಒಂದು ಟೀ ಚಮಚ ಪುಡಿ ಉಪ್ಪು ಕರಗಿಸಿದರೆ ಬಿಲ್ಲೆ ಬೇಗ ಗಟ್ಟಿಯಾಗುತ್ತದೆ. ಸೋಡಾದ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಹೋದ ವರ್ಷ ನಾನು ಸಡಿಲ ಬಿಟ್ಟಿದ್ದರಿಂದ ಅದು ತೇವ ಹೀರಿ ಕಸುವು ಕಳೆದುಕೊಂಡು, ಅಳತೆ ಸರಿಯಿದ್ದರೂ ಒಂದಿಡೀ ಕಂತು ಹೀಗೆಯೇ ಮೆತ್ತಗಾಗಿತ್ತು.

ತುರಿದು ಕರಗಿಸುವ ದಿನ ಮೊದಲೇ ತಿಳಿಸು, ನನ್ನ ತಕ್ಕಡಿ ತೆಗೆದುಕೊಂಡು ಬರುತ್ತೇನೆ.

ಇಂತಿ ನಿನ್ನ ಗೆಳೆಯ