ಆರೇ ಜನ ಬಂದರೆ?

ಬಂಗಾರಪೇಟೆ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಮನೆಯ ಸಮಾಚಾರ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ, ಇಲ್ಲಿ ಮತ್ತೆ ಬರೆಯುವುದಿಲ್ಲ. ನೀನು ನಡೆಸುವ ಫುಟ್‌ಬಾಲ್ ತಂಡ ಮೊದಲ ನಾಲ್ಕು ಪಂದ್ಯ ಗೆದ್ದಿದ್ದು, ಆಮೇಲೆ ಏಳರಲ್ಲಿ ಒಂದು ಡ್ರಾ, ಮಿಕ್ಕಿದ್ದೆಲ್ಲ ಸೋಲು, ಅದೂ ಗೊತ್ತಿರುವುದೇ. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿ ಬರೆದ ಸಾಲು. "ಹೋದ ಭಾನುವಾರ ಎಂಟೇ ಜನ ಬಂದರು ದೊಡ್ಡಪ್ಪ. ಮುಂದಿನ ಸಲ ಆರೇ ಜನ ಬಂದರೆ?"

ಸೋಲಿನ ಬಗ್ಗೆ ಎರಡು ಪುಟ ಬರೆದವನು ಇದನ್ನು ಒಂದೇ ಸಾಲಿಗೆ ಮುಗಿಸಿದ್ದೀಯ. ಭಯ ಇರುವುದು ಅಲ್ಲೇ ಅಂತ ನನಗೆ ಅದರಿಂದಲೇ ಗೊತ್ತಾಯಿತು.

ಆರು ಅಂತ ಲೆಕ್ಕ ಹಾಕಿಯೇ ಬರೆದಿದ್ದೀಯ. ಗೋಲ್‌ಕೀಪರ್ ಸೇರಿ ಏಳು ಜನ ಇಲ್ಲದಿದ್ದರೆ ರೆಫರಿ ಪಂದ್ಯ ಶುರು ಮಾಡುವಂತಿಲ್ಲ, ನಡುವೆ ಏಳಕ್ಕಿಂತ ಕಡಿಮೆಯಾದರೆ ಮುಂದುವರಿಸುವಂತೆಯೂ ಇಲ್ಲ. ಆಟದ ಮೂರನೇ ನಿಯಮ ಅದು. ಏಳು ಇದ್ದರೆ ಸೋಲಬಹುದು, ಆರಾದರೆ ಸೋಲುವುದಕ್ಕೂ ದಾರಿಯಿಲ್ಲ. ಅದು ನಿನ್ನನ್ನು ಕಾಡುವುದು ಸಹಜ, ಮಗಾ.

ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ಬಹಳ ಜನ ಓದುವುದಿಲ್ಲ. ಆಟಗಾರರ ಪಟ್ಟಿಯನ್ನು ಮೊದಲೇ ಕೊಡಬೇಕಾದ ಟೂರ್ನಿಯಲ್ಲಿ ತಂಡ ಕಡಿಮೆ ಜನರೊಂದಿಗೆ ಶುರು ಮಾಡಿದರೆ, ಪಟ್ಟಿಯಲ್ಲಿ ಹೆಸರಿದ್ದವನು ತಡವಾಗಿ ಬಂದರೂ ಆಡಬಹುದು, ಹೆಸರಿಲ್ಲದವನು ಬಂದರೆ ಬರೀ ನೋಡುತ್ತಾ ಕೂರಬೇಕು. ನಿನ್ನ ತಂಡದ ಐದಾರು ಹುಡುಗರು ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳಲ್ಲಿ ಶಿಫ್ಟ್ ಕೆಲಸದಲ್ಲಿದ್ದಾರೆ. ಬೆಳಗಿನ ಶಿಫ್ಟ್ ಮುಗಿಸಿ ಬೈಕಿನಲ್ಲಿ ಬರುವ ಹೊತ್ತಿಗೆ ಅರ್ಧ ಆಟ ಮುಗಿದಿರುತ್ತದೆ. ಅವರ ಹೆಸರನ್ನೂ ಪಟ್ಟಿಯಲ್ಲಿ ಬರೆದೇ ಕೊಡು. ಬಂದ ತಕ್ಷಣ ಒಳಗೆ ನುಗ್ಗಬಾರದು, ಗೆರೆಯ ಹತ್ತಿರ ನಿಂತು ರೆಫರಿಯ ಅನುಮತಿ ಸಿಕ್ಕ ಮೇಲೆ ಇಳಿಯಬೇಕು. ಪಟ್ಟಿಯಲ್ಲಿ ಎಷ್ಟು ಹೆಸರಿಗೆ ಜಾಗ, ಒಮ್ಮೆ ಹೊರಗೆ ಬಂದವನು ಮತ್ತೆ ಇಳಿಯಬಹುದೇ, ಇದನ್ನು ನಡೆಸುವವರ ನಿಯಮ ಪುಸ್ತಕದಲ್ಲಿ ನೋಡಿಕೋ. ಸ್ಥಳೀಯ ಟೂರ್ನಿಗಳಲ್ಲಿ ಮತ್ತೆ ಇಳಿಯಲು ಬಿಡುವುದುಂಟು. ಬಿಟ್ಟರೆ, ದಣಿದವನನ್ನು ಹತ್ತು ನಿಮಿಷ ಕೂರಿಸಿ ಮತ್ತೆ ಕಳಿಸಬಹುದು.

ಹುಡುಗರು ಬಿಟ್ಟು ಹೋಗಿದ್ದು ಸೋತಿದ್ದಕ್ಕೆ ಅಂತ ನೀನು ಬರೆದಿದ್ದೀಯ. ನನಗೆ ಹಾಗನ್ನಿಸುವುದಿಲ್ಲ. ತಿಂಗಳುಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡು. ನಿಮ್ಮ ಗೆಲುವೆಲ್ಲ ಅಕ್ಟೋಬರ್‌ನವು. ನವೆಂಬರ್‌ನಲ್ಲಿ ರಾಗಿ ಕುಯ್ಲು, ಹಳ್ಳಿಯ ಹುಡುಗರು ಭಾನುವಾರ ಹೊಲ ಬಿಟ್ಟು ಬರುವುದಿಲ್ಲ. ಬರಲೂಬಾರದು. ಮಂಡಿಯಲ್ಲಿ ಕೆಲಸ ಮಾಡುವವನು ಟೊಮೆಟೊ ಲಾರಿ ಬಂದ ದಿನ ನಸುಕಿನಿಂದ ನಿಂತಿರುತ್ತಾನೆ. ಫೆಬ್ರವರಿ ಬಂದರೆ ಪರೀಕ್ಷೆ ಓದುವವರ ಕಾಲ. ಇದರ ನಡುವೆ ನಿನ್ನ ಓಟದ ಹುಡುಗನ ತೊಡೆಯ ಹಿಂದಿನ ಸ್ನಾಯು ಹಿಡಿಯಿತು. ನಾಲ್ಕೂ ಗೆಲುವು ಅವನಿಗೆ ಉದ್ದ ಚೆಂಡು ಹಾಕಿ ಗಿಟ್ಟಿಸಿದ್ದು. ಎದುರು ತಂಡದವರು ಅದನ್ನು ತಿಳಿದು ಹಿಂದೆ ಸರಿದು ನಿಂತ ಮೇಲೆ ನಿಮ್ಮ ಕೈಯಲ್ಲಿ ಬೇರೆ ಆಟ ಇರಲಿಲ್ಲ. ಸೋಲು ಬಂದಿದ್ದು ಅಲ್ಲಿಂದ, ಜನ ಕಡಿಮೆಯಾಗಿದ್ದು ಕೆಲಸದಿಂದ. ಎರಡೂ ಒಂದೇ ತಿಂಗಳಿಗೆ ಬಂದವು, ಅಷ್ಟೇ.

ಆ ಹುಡುಗನ ಬಗ್ಗೆ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಮನಸ್ಸಿಗೆ ಹತ್ತಿರದ ತಪ್ಪು ಇದು. ನಲವತ್ತು ನಿಮಿಷ ಬೈಕಿನ ಮೇಲೆ ಕೂತು ಬಂದು, ಮೈ ಬಿಸಿಯಾಗುವ ಮೊದಲೇ ಪೂರ್ತಿ ವೇಗದಲ್ಲಿ ಓಡಿದರೆ ತೊಡೆಯ ಸ್ನಾಯು ಹರಿಯುತ್ತದೆ. ಸಣ್ಣ ಪೆಟ್ಟಾದರೂ ಎರಡು ಮೂರು ವಾರ ಬೇಕು. ನಡೆಯುವಾಗ ನೋವಿಲ್ಲ ಅಂದ ಮಾತ್ರಕ್ಕೆ ಆಯಿತು ಅಂತಲ್ಲ. ಅಂಗಾತ ಮಲಗಿ ಕಾಲು ನೆಟ್ಟಗೆ ಎತ್ತಿದಾಗ ಎರಡೂ ಕಾಲು ಸಮವಾಗಿ ಏಳಬೇಕು, ವೇಗವಾಗಿ ಓಡಿ ತಟ್ಟನೆ ನಿಂತರೂ ಸೆಳೆಯಬಾರದು. ಅಲ್ಲಿಯವರೆಗೆ ಅವನನ್ನು ಹನ್ನೊಂದರಲ್ಲಿ ಎಣಿಸಬೇಡ. ಹಾಗೆ ಎಣಿಸಿದವನು ನಾನು. ಇನ್ನೂ ಮಾಗದ ಕಾಲುಗಳನ್ನು ಮೈದಾನಕ್ಕೆ ಇಳಿಸಿ ಆ ಹುಡುಗರ ಇಡೀ ವರ್ಷ ಕಳೆದಿದ್ದೇನೆ. ಅವರ ಮುಖ ಇವತ್ತಿಗೂ ಕಣ್ಣ ಮುಂದಿದೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಫಿಫಾದವರ 11+ ಅನ್ನುವ, ಪೆಟ್ಟಾಗದಂತೆ ಮೈ ಬಿಸಿ ಮಾಡುವ ವ್ಯಾಯಾಮ ಮಾಡಿಸುತ್ತಿದ್ದೀಯಾ? 20 ನಿಮಿಷ ಸಾಕು. 8 ನಿಮಿಷ ನಿಧಾನದ ಓಟ, 10 ನಿಮಿಷ ಬಲ, ಜಿಗಿತ ಮತ್ತು ಸಮತೋಲನ, ಕೊನೆಯ 2 ನಿಮಿಷ ವೇಗದ ಓಟ ಮತ್ತು ತಿರುವು. ಅದರಲ್ಲಿ ಮಂಡಿಯೂರಿ ಕೂತು, ಹಿಂದಿನಿಂದ ಒಬ್ಬ ಕಾಲು ಒತ್ತಿ ಹಿಡಿದಾಗ, ಸೊಂಟ ಬಗ್ಗಿಸದೆ ನಿಧಾನವಾಗಿ ಮುಂದಕ್ಕೆ ವಾಲುವುದೊಂದಿದೆ. ತೊಡೆಯ ಹಿಂಬದಿಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮೊದಲು ಮೂರರಿಂದ ಐದು ಸಲ ಸಾಕು, ಹೆಚ್ಚು ಮಾಡಿಸಿದರೆ ಮರುದಿನ ಯಾರೂ ಬರುವುದಿಲ್ಲ. ವಾರಕ್ಕೆ ಎರಡು ಸಲವಾದರೂ ಆಗಬೇಕು. ಕಾಲು ಉಳುಕಿದವನಿಗೆ ಮೊದಲ ಎರಡು ದಿನ ಬಿಸಿ ಶಾಖ, ಎಣ್ಣೆ ತಿಕ್ಕುವುದು ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 15–20 ನಿಮಿಷ ಇಡು. ನಾಲ್ಕು ಹೆಜ್ಜೆ ಇಡಲಾರ, ಅಥವಾ ಹರಡಿನ ಮೂಳೆ ಮುಟ್ಟಿದರೆ ಚೀರುತ್ತಾನೆ ಅಂದರೆ ಎಕ್ಸ್‌ರೇ ಮಾಡಿಸು.

ಮತ್ತೆ ಅಲ್ಲಿಗೇ ಬರುತ್ತೇನೆ. ಆರು.

ಏಳೇ ಜನ ಇರುವ ದಿನ ಆರಾಗುವ ದಾರಿಗಳು ಸಣ್ಣಪುಟ್ಟವು, ಅವನ್ನು ಮುಚ್ಚುವುದು ನಿನ್ನ ಕೈಯಲ್ಲಿದೆ. ಮೊಣಕಾಲಿನ ಕೆಳಗೆ ಮುಂಗಾಲಿಗೆ ಕಟ್ಟುವ ಶಿನ್ ಗಾರ್ಡ್ ಕಡ್ಡಾಯ. ಮರೆತು ಬಂದವನನ್ನು ರೆಫರಿ ಇಳಿಸುವುದಿಲ್ಲ. ಕಡಗ, ಉಂಗುರ, ಓಲೆ ಬಿಚ್ಚಲೇಬೇಕು, ಮೇಲೆ ಟೇಪ್ ಸುತ್ತಿದರೆ ನಡೆಯುವುದಿಲ್ಲ. ಬೆರಳಿಂದ ಬಾರದ ಉಂಗುರಕ್ಕೆ ಸೋಪಿನ ನೀರು ಮನೆಯಲ್ಲೇ ಹಾಕಿಕೊಂಡು ಬರಲಿ. ಏಳು ಜನ ಆಡುವಾಗ ರೆಫರಿಯೊಂದಿಗೆ ನಾಯಕ ಬಿಟ್ಟು ಯಾರೂ ತುಟಿ ಬಿಚ್ಚಬಾರದು. ಒಂದು ಕೆಂಪು ಕಾರ್ಡ್ ಬಂದರೆ ಆಟವೇ ನಿಲ್ಲುತ್ತದೆ. ಮೀನಖಂಡ ಹಿಡಿದವನು ತಾನಾಗಿ ಗೆರೆ ದಾಟಿ ಹೊರಗೆ ಹೋಗಬಾರದು, ಚೆಂಡು ಹೊರಗೆ ಹೋದ ಮೇಲೆ ಆರು ಜನರೊಂದಿಗೆ ರೆಫರಿ ಮತ್ತೆ ಶುರು ಮಾಡಲಾರ. ಒಳಗೇ ಕೂತು ಕೈ ಎತ್ತಲಿ.

ಆಡುವ ಬಗೆ? ಎಂಟು ಜನ ಇದ್ದರೆ ಹಿಂದೆ ಮೂವರು, ನಡುವೆ ಮೂವರು, ಮುಂದೆ ಒಬ್ಬ. ಏಳಾದರೆ ನಡುವಿನಿಂದ ಒಬ್ಬನನ್ನು ತೆಗೆ, ಹಿಂದಿನಿಂದ ತೆಗೆಯಬೇಡ. ಮಧ್ಯದ ಗೆರೆ ದಾಟಿ ಯಾರೂ ಚೆಂಡು ಕಸಿಯಲು ಓಡಬಾರದು. ಅಕ್ಕಪಕ್ಕದ ಇಬ್ಬರ ನಡುವೆ ಹತ್ತು ಹನ್ನೆರಡು ಹೆಜ್ಜೆಗಿಂತ ಹೆಚ್ಚು ಬಿಡದೆ, ಮೈದಾನದ ಅಂಚನ್ನು ಎದುರಾಳಿಗೆ ಬಿಟ್ಟುಕೊಟ್ಟು, ಗೋಲಿನ ಮುಂದಿನ ಅಗಲವನ್ನು ಮಾತ್ರ ಕಾಯಿರಿ. ಕೀಪರ್‌ಗೆ ಹೇಳು, ಚೆಂಡು ಕೈಯಲ್ಲಿ ಹಿಡಿದು 8 ಸೆಕೆಂಡ್ ದಾಟಿದರೆ ಈಗ ಎದುರಾಳಿಗೆ ಕಾರ್ನರ್ ಕಿಕ್ ಕೊಡುತ್ತಾರೆ, 2025ರಿಂದ ಬಂದ ತಿದ್ದುಪಡಿ ಅದು. ಹೊತ್ತು ಕಳೆಯುವ ಹಳೆಯ ಬುದ್ಧಿ ನಡೆಯುವುದಿಲ್ಲ.

ಕೀಪರ್ ಅಂದೆ, ನಿನ್ನ ಎರಡನೇ ಕೀಪರ್ ಯಾಕೆ ಬಿಟ್ಟ ಅಂತ ಕೇಳಿದ್ದೀಯಾ? ನಮ್ಮ ಕಡೆಯ ಕೆಂಪು ಜಲ್ಲಿ ನೆಲದ ಮೇಲೆ ಯಾರು ಎಗರಿ ಬೀಳುತ್ತಾರೆ? ಸೊಂಟ, ಮೊಣಕೈ ಕಿತ್ತುಹೋಗುತ್ತದೆ. ಗೋಲಿನ ಮುಂದೆ ಕಂಬದಿಂದ ಕಂಬಕ್ಕೆ 7.32 ಮೀಟರ್, ಮುಂದಕ್ಕೆ ಎರಡು ಮೂರು ಮೀಟರ್, ಅಷ್ಟು ಜಾಗ ಅಗೆದು ಕಲ್ಲು ಆರಿಸಿ. ಎರಡು ಪಾಲು ಮರಳು, ಒಂದು ಪಾಲು ಜರಡಿ ಹಿಡಿದ ಕೆರೆ ಗೋಡು, ಸಿಕ್ಕರೆ ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ ಐದಾರು ಸೆಂಟಿಮೀಟರ್ ಹರಡಿ. ಬರೀ ಗೋಡು ಹಾಕಿದರೆ ಒಣಗಿದಾಗ ಹೆಂಚಿನಂತೆ ಬಿರಿಯುತ್ತದೆ, ಒದ್ದೆಯಾದಾಗ ಜಾರುತ್ತದೆ. ಹಿಂದಿನ ಸಂಜೆ ನೀರು ಚಿಮುಕಿಸಿ. ಗೆರೆ ಹಾಕಲು ಸುಣ್ಣ ಬಳಸಬೇಡಿ, ಬಿದ್ದವರ ಕಣ್ಣು, ಗಾಯ ಸುಡುತ್ತದೆ. ಸೀಮೆಸುಣ್ಣದ ಪುಡಿ ತನ್ನಿ. 100ಕ್ಕೆ 64 ಮೀಟರಿನ ಮೈದಾನದಲ್ಲಿ 650 ಮೀಟರಿಗೂ ಹೆಚ್ಚು ಗೆರೆ ಇರುತ್ತದೆ. ಒಬ್ಬನೇ ಹಾಕಬೇಡ. ಶನಿವಾರ ಸಂಜೆ ನಾಲ್ವರನ್ನು ಕರೆ. ಶನಿವಾರ ಗೆರೆ ಹಾಕಿದವನು ಭಾನುವಾರ ತಪ್ಪಿಸಿದ್ದನ್ನು ನಾನು ಕಂಡಿದ್ದು ಕಡಿಮೆ.

ಹೇಳಲು ಹಿಂಜರಿಕೆಯಾಗುತ್ತದೆ, ಆದರೂ ಹೇಳಬೇಕು. ಆರೇ ಜನ ನಿಂತಿರುವಾಗ ಯಾರಾದರೊಬ್ಬರು ಬಂದು, ಪಕ್ಕದ ಊರಿನ ಹುಡುಗನಿದ್ದಾನೆ, ಬಾರದವನ ಹೆಸರಿನಲ್ಲಿ ಇಳಿಸೋಣ ಅನ್ನುತ್ತಾರೆ. ಅನ್ನುತ್ತಾರೆ ಅಂತ ನನಗೆ ಗೊತ್ತು. ಬೇಡ ಮಗಾ. ದೂರು ಬಂದರೆ ಆ ಪಂದ್ಯ ಮಾತ್ರವಲ್ಲ, ಹುಡುಗನ ನೋಂದಣಿಗೂ ಕುತ್ತು. ಆಡಿದವನಿಗೂ ಶಿಕ್ಷೆ, ಹೆಸರು ಕೊಟ್ಟವನಿಗೂ ಶಿಕ್ಷೆ, ಪಟ್ಟಿಗೆ ಸಹಿ ಹಾಕಿದವನು ನೀನು. ಅಂಥ ಒಂದು ಸಹಿಯ ಪಕ್ಕ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ. ತಡೆಯಬಹುದಿತ್ತು.

ಅದಕ್ಕೆ ಬದಲು ಇದನ್ನು ಮಾಡು. ಗುರುವಾರ ರಾತ್ರಿ ಎಲ್ಲರಿಗೂ ಫೋನ್ ಮಾಡು, ಗುಂಪಿಗೆ ಮೆಸೇಜ್ ಹಾಕಿ ಸುಮ್ಮನಾಗಬೇಡ. ಪುಸ್ತಕದಲ್ಲಿ ಮೂರು ಸಾಲು: ಬರುತ್ತಾನೆ, ಬರುವುದಿಲ್ಲ, ಶಿಫ್ಟ್ ಮುಗಿಸಿ ಬರುತ್ತಾನೆ. "ನೋಡ್ತೀನಿ ಅಣ್ಣ" ಅಂದವನನ್ನು ಬರುವುದಿಲ್ಲ ಅನ್ನುವ ಸಾಲಿಗೆ ಬರಿ. ಮೊದಲ ಮತ್ತು ಮೂರನೇ ಸಾಲು ಸೇರಿ ಒಂಬತ್ತು ದಾಟದಿದ್ದರೆ ಶುಕ್ರವಾರವೇ ನಡೆಸುವವರಿಗೆ ಬರವಣಿಗೆಯಲ್ಲಿ ದಿನ ಬದಲಿಸಲು ಕೇಳು. ಒಪ್ಪಿದರೆ ಒಪ್ಪಿದರು. ಎಷ್ಟು ಗಂಟೆ ಮುಂಚೆ ಕೇಳಬೇಕು ಅನ್ನುವುದು ಅವರ ಪುಸ್ತಕದಲ್ಲಿರುತ್ತದೆ.

ಇಷ್ಟೆಲ್ಲ ಮಾಡಿಯೂ ಆರೇ ಜನ ಬಂದರೆ, ಆರೂ ಜನ ಜೆರ್ಸಿ ಹಾಕಿಕೊಂಡು ಮೈದಾನಕ್ಕೆ ಹೋಗಿ. ಪಟ್ಟಿ ಕೊಡಿ, ರೆಫರಿ ಬರೆಯುವುದನ್ನು ಬರೆಯಲಿ. ಸಾಮಾನ್ಯವಾಗಿ 3–0 ಸೋಲು ಅಂತ ಹಾಕುತ್ತಾರೆ. ಬಾರದೇ ಇದ್ದ ತಂಡಕ್ಕೂ, ಬಂದು ನಿಂತು ಕಡಿಮೆಯಾದ ತಂಡಕ್ಕೂ ವರದಿಯಲ್ಲಿ ವ್ಯತ್ಯಾಸವಿರುತ್ತದೆ. ವಾಕ್‌ಓವರ್ ಅಂದರೆ ಆಡದೆ ಬಿಟ್ಟುಕೊಟ್ಟ ಪಂದ್ಯ ಎರಡು ಮೂರಾದರೆ ಟೂರ್ನಿಯಿಂದಲೇ ತೆಗೆಯುವ ನಿಯಮ ಎಷ್ಟೋ ಕಡೆ ಇದೆ, ಆಗ ಕಮಿಟಿ ನೋಡುವುದು ಆ ವರದಿಯನ್ನೇ. ಎದುರು ತಂಡದವರು ದೂರದಿಂದ ಬಂದಿರುತ್ತಾರೆ. ಕ್ಷಮೆ ಕೇಳಿ, ಅವರ ಬೆಂಚಿನಿಂದ ನಾಲ್ಕೈದು ಹುಡುಗರನ್ನು ಪಡೆದು ಒಂದು ಗಂಟೆ ಸ್ನೇಹದ ಪಂದ್ಯ ಆಡಿ. ಆರು ಜನ ಬೆಳಗ್ಗೆ ಎದ್ದು ಬಂದಿದ್ದಾರಲ್ಲ, ಅವರು ಚೆಂಡು ಮುಟ್ಟದೆ ಮನೆಗೆ ಹೋಗಬಾರದು. ಮುಂದಿನ ವಾರ ಆರು ಐದಾಗುವುದು ಹಾಗೆಯೇ.

ಕೆಜಿಎಫ್ ಕಡೆ ನೋಡು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಬರುವವರ ಊರಾಯಿತು. ಅಲ್ಲಿ ಇವತ್ತಿಗೂ ಚೆಂಡು ಒದೆಯುತ್ತಾರೆ. 1968–69ರಲ್ಲಿ ಮೈಸೂರು ರಾಜ್ಯವು ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದ ಮೇಲೆ ಅದು ನಮ್ಮ ಕಡೆಗೆ ಮತ್ತೆ ಬಂದಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. ನಡುವೆ 54 ವರ್ಷ. ನಿನಗೆ ಏಳು ಪಂದ್ಯ ಉದ್ದವಾಗಿ ಕಾಣುತ್ತಿದೆ, ನನಗೆ ಗೊತ್ತು.

ಇನ್ನೊಂದು, ಮರೆಯುವ ಮೊದಲು. ಕರ್ನಾಟಕದಲ್ಲಿ ಸಂಘ ನೋಂದಾಯಿಸಲು ಬೇಕಾಗುವುದೂ ಏಳು ಜನರೇ. ನಿಮ್ಮ ಸಂಘದ ಆ ಏಳರಲ್ಲಿ ಈಗ ಎಷ್ಟು ಜನ ಕೆಲಸ ಮಾಡುತ್ತಿದ್ದಾರೆ, ಬರೆದು ತಿಳಿಸು. ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ವರ್ಷ ವರ್ಷ ನೋಂದಣಾಧಿಕಾರಿಗೆ ಹೋಗಬೇಕು. ಲೆಕ್ಕವನ್ನೆಲ್ಲ ತಲೆಯಲ್ಲಿಟ್ಟುಕೊಂಡು, ಇನ್ನೊಬ್ಬನಿಗೆ ಕಲಿಸದೆ ಕೂತವನು ನಾನು. ನೀನು ಒಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆ. ನೀನಿಲ್ಲದ ಗುರುವಾರ ಫೋನ್ ಮಾಡುವವನು ಅವನೇ ಆಗಲಿ.

ಬಸ್ಸಿನಲ್ಲಿ ಒಂದು ಚೀಲ ಕಳಿಸಿದ್ದೇನೆ. ನಾಲ್ಕು ಜೊತೆ ಶಿನ್ ಗಾರ್ಡ್, ಪಂಪು, ಆರು ಸೂಜಿ. ಸೂಜಿಗೆ ಒಂದು ಹನಿ ಗ್ಲಿಸರಿನ್ ಹಚ್ಚಿ ಚುಚ್ಚು, ಒಣಗಿದ್ದನ್ನು ಚುಚ್ಚಿದರೆ ವಾಲ್ವ್ ಹರಿದು ಚೆಂಡು ಮೆಲ್ಲಗೆ ಗಾಳಿ ಬಿಡುತ್ತದೆ. ಗಾಳಿಯ ಒತ್ತಡ 8.5ರಿಂದ 15.6 ಪಿಎಸ್‌ಐ ಒಳಗಿರಬೇಕು, ನಮ್ಮ ಗಟ್ಟಿ ನೆಲಕ್ಕೆ 9 ಸಾಕು, ಇಲ್ಲದಿದ್ದರೆ ಎಗರಿ ಎಗರಿ ಕೈಗೆ ಸಿಗುವುದಿಲ್ಲ. ಬಿಸಿಲಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟಸವಾಗಿ ಅಳೆದು ಹಾಕು.

ಗುರುವಾರ ರಾತ್ರಿ ಎಲ್ಲರಿಗೂ ಮಾಡಿದ ಮೇಲೆ ನನಗೂ ಒಂದು ಫೋನ್ ಮಾಡು. ಎಷ್ಟು ಜನ ಅಂತ ಹೇಳಿದರೆ ಸಾಕು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ದೊಡ್ಡಪ್ಪ