ತಾಮ್ರಕ್ಕೆ ಹೊರಗೆ ಒಂದೇ, ಕೊಟ್ಟಿದ್ದು ಎರಡು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಹತ್ತನೇ ತರಗತಿಯವರಿಗೆ ಅಂತ ಒಂದು ಸಾಲನ್ನು ಚೌಕಟ್ಟು ಕಟ್ಟಿ ಹಾಕಿದ್ದಿರಿ. ಲೋಹದ ಹೊರಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಇವೆಯೋ ಅದರ ಅಯಾನಿಗೆ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿಗೆ) ಅಷ್ಟೇ ಧನ ಆವೇಶ ಅಂತ. ನನ್ನ ಮಗಳು ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಳು. ಎರಡು ದಿನ ಬಿಟ್ಟು ಬಂದು ನನ್ನನ್ನು ಹಿಡಿದಳು.

ನಾನು ವಿಜಯಪುರ ಜಿಲ್ಲೆ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿ ತೋಟಕ್ಕೇ ವಾಪಸು ಬಂದವನು. ಅವತ್ತು ಬಳ್ಳಿಯ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುತ್ತಿದ್ದೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತದ ಚೀಲ ನೋಡಿ ಅವಳು ಕೇಳಿದಳು, "ಅಪ್ಪಾ, ಇದು ಕಾಪರ್ ಸಲ್ಫೇಟ್ ಅಲ್ಲಾ? ಸಲ್ಫೇಟಿಗೆ ಮೈನಸ್ ಎರಡು, ಅಂದ್ರ ತಾಮ್ರ ಪ್ಲಸ್ ಎರಡು. ಆದ್ರ ತಾಮ್ರದ ಹೊರಗ ಒಂದೇ ಎಲೆಕ್ಟ್ರಾನ್ ಐತಲ್ಲ, ಇನ್ನೊಂದು ಎಲ್ಲಿಂದ ಬಂತು?"

ಲೆಕ್ಕ ಸರಿಯಾಗಿಯೇ ಇತ್ತು. ತಾಮ್ರದ 29 ಎಲೆಕ್ಟ್ರಾನ್ ಕೂತಿರುವುದು 2, 8, 18, 1 ಅಂತ. ನಿಮ್ಮ ಸಾಲಿನ ಪ್ರಕಾರ ಪ್ಲಸ್ ಒಂದು ಆಗಬೇಕಿತ್ತು.

ನಿಮ್ಮ ಸಾಲು ಪೂರ್ತಿ ತಪ್ಪಲ್ಲ. ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಅದೇ ಡ್ರಮ್ಮಿನಲ್ಲಿದ್ದ ಸುಣ್ಣದ ಕ್ಯಾಲ್ಸಿಯಂ, ಇವಕ್ಕೆಲ್ಲ ಸರಿಯಾಗಿ ಹೊಂದುತ್ತದೆ. ತೊಂದರೆ ಏನೆಂದರೆ ಯಾಕೆ ಹೊಂದುತ್ತದೆ ಅಂತ ನೀವು ಹೇಳಲಿಲ್ಲ, ಎಲ್ಲಿ ಹೊಂದುವುದಿಲ್ಲ ಅಂತಲೂ ಹೇಳಲಿಲ್ಲ. ಇನ್ನು ಗೈಡುಗಳಲ್ಲಂತೂ ಲೋಹ ಎಲೆಕ್ಟ್ರಾನನ್ನು 'ದಾನ' ಮಾಡುತ್ತದೆ ಅಂತ ಬರೆದಿರುತ್ತಾರೆ. ಸೋಡಿಯಂ ಏನು ದಾನಶೂರ ಕರ್ಣನಾ? ಬಿಡಿ ಪರಮಾಣುಗಳಿಂದ ಆ ಒಂದೊಂದು ಎಲೆಕ್ಟ್ರಾನ್ ಕೀಳಲಿಕ್ಕೂ ಮೋಲ್‌ಗೆ (ಪರಮಾಣುಗಳ ಒಂದು ನಿಗದಿತ ಎಣಿಕೆಗೆ) 496 ಕಿಲೋಜೌಲ್ ಶಕ್ತಿ ಖರ್ಚು ಮಾಡಬೇಕು. ಆಮೇಲೆ ಕ್ಲೋರೈಡಿನಂಥ ಜೊತೆಗಾರ ಸಿಕ್ಕಿ ಹರಳು ಕಟ್ಟಿದಾಗ ಆ ಖರ್ಚು ಹುಟ್ಟುತ್ತದೆ, ಮೇಲೆ ಒಂದಿಷ್ಟು ಉಳಿಯುತ್ತದೆ. ಆದರೆ ಅದೇ ಸೋಡಿಯಂನಿಂದ ಎರಡನೆಯದನ್ನು ಕೀಳುತ್ತೇನೆ ಅಂದರೆ 4562 ಬೇಕು, ಯಾಕೆಂದರೆ ಅದು ಒಳಗಿನ ತುಂಬಿದ ಕವಚದ್ದು. ಅಷ್ಟು ಹಣ ಯಾವ ಜೊತೆಗಾರನೂ ಹುಟ್ಟಿಸಿ ಕೊಡಲಾರ. ಅದಕ್ಕೇ ಸೋಡಿಯಂ ಪ್ಲಸ್ ಒಂದಕ್ಕೆ ನಿಲ್ಲುತ್ತದೆ.

ಈಗ ತಾಮ್ರಕ್ಕೆ ಬನ್ನಿ. ಸೋಡಿಯಂಗೂ ಹೊರಗೆ ಒಂದು, ತಾಮ್ರಕ್ಕೂ ಒಂದು. ಆದರೆ ತಾಮ್ರದ ಎರಡನೆಯದಕ್ಕೆ 1958 ಸಾಕು. ಆ 18ರ ಕವಚ ಸೋಡಿಯಂನ 8ರ ಕವಚದಷ್ಟು ಬಿಗಿ ಇಲ್ಲ. ಬೀಗ ಹಾಕಿದ ಕೋಣೆಯಲ್ಲ, ಬರೀ ಚಿಲಕ ಹಾಕಿದ್ದು. ನೀರಿನಲ್ಲಿ ಪ್ಲಸ್ ಎರಡರ ತಾಮ್ರವನ್ನು ನೀರಿನ ಅಣುಗಳು ಸುತ್ತಲೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಅದರಲ್ಲೇ ಖರ್ಚು ತೀರಿಹೋಗುತ್ತದೆ. ಮೈಲುತುತ್ತದ ನೀಲಿ ಬಣ್ಣವೂ ಆ ನೀರು ಜೊತೆಗಿರುವುದರಿಂದಲೇ. ಕಾಯಿಸಿ ನೀರು ಹಾರಿಸಿದರೆ ಬೂದಿಯಂತೆ ಬೆಳ್ಳಗಾಗುತ್ತದೆ (ಅಡುಗೆಯ ಹಂಚಿನ ಮೇಲೆ ಮಾತ್ರ ಕಾಯಿಸಬೇಡಿ, ವಿಷ ಅದು, ಕಾಲೇಜು ದಿನಗಳಲ್ಲಿ ಅವ್ವನ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದೇನೆ).

ಮಗಳಿಗೆ ಬಾಯಿಮಾತು ಸಾಲಲಿಲ್ಲ. ಬೋರ್ಡೋ ಆದ ಮೇಲೆ ನಾವು ಕಬ್ಬಿಣದ ಕುಡುಗೋಲನ್ನು ಸ್ವಲ್ಪ ಹೊತ್ತು ಅದ್ದಿ ನೋಡುತ್ತೇವೆ. ಕೆಂಪು ಪೊರೆ ಕೂತರೆ ಸುಣ್ಣ ಕಡಿಮೆ ಆಗಿದೆ, ಹಾಗೇ ಹೊಡೆದರೆ ಎಲೆ ಸುಡುತ್ತದೆ ಅಂತ ಅರ್ಥ. ಅವತ್ತು ಬೇಕಂತಲೇ ಸುಣ್ಣ ಪೂರ್ತಿ ಹಾಕುವ ಮೊದಲೇ ಅದ್ದಿದೆ. ತುದಿಯಲ್ಲಿ ಹೊಸ ಹಂಡೆಯ ಬಣ್ಣ ಬಂತು. ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟು ನೀರಿಗಿಳಿಯಿತು, ಆ ಎರಡನ್ನು ತೆಗೆದುಕೊಂಡು ತಾಮ್ರ ಕುಡುಗೋಲಿನ ಮೇಲೆ ಕೂತಿತು. ಅವಳು ಅದನ್ನು ಉಗುರಿನಿಂದ ಕೆರೆದು ನೋಡಿದಳು.

ಅಲ್ಲಿಗೆ ಮುಗಿಯಲಿಲ್ಲ. "ಕಬ್ಬಿಣಕ್ಕ ಎರಡು ಅಂತೀ, ಮತ್ತ ತುಕ್ಕಿನಾಗ ಮೂರು ಅಂತ ಐತಿ?"

ಕಬ್ಬಿಣ 2, 8, 14, 2. ಹೊರಗಿನ ಎರಡು ಮೊದಲು ಹೋಗುತ್ತವೆ. ಮೂರನೆಯದು ಒಳಗಿನ 14ರಿಂದ. ಅದಕ್ಕೆ 2957 ಕಿಲೋಜೌಲ್. ಹೊರಗೆ ಎರಡೇ ಇರುವ ಮೆಗ್ನೀಸಿಯಂನಲ್ಲಿ ಮೂರನೆಯದಕ್ಕೆ 7733. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಸಾಕು, ಮೆಗ್ನೀಸಿಯಂ ಯಾಕೆ ಎರಡಕ್ಕೇ ನಿಲ್ಲುತ್ತದೆ, ಕಬ್ಬಿಣ ಯಾಕೆ ಒಮ್ಮೆ ಎರಡು ಒಮ್ಮೆ ಮೂರು ಅನ್ನುತ್ತದೆ ಅಂತ ಹತ್ತನೇ ತರಗತಿ ಹುಡುಗರಿಗೂ ತಿಳಿಯುತ್ತದೆ. ನಮ್ಮ ಸುಣ್ಣದ ಅಂಶ ಜಾಸ್ತಿ ಇರುವ ಭೂಮಿಯಲ್ಲಿ ಬಳ್ಳಿ ಹಳದಿಯಾದಾಗ ಅನ್ನಭೇದಿ (ಫೆರಸ್ ಸಲ್ಫೇಟ್, ಅಂದರೆ ಪ್ಲಸ್ ಎರಡರ ಕಬ್ಬಿಣ) ಕರಗಿಸಿ ಹೊಡೆಯುವ ರೈತರಿಗೆ ಇದು ಹೊಸತಲ್ಲ. ಕರಗಿಸಿದಾಗ ತಿಳಿ ಹಸಿರು. ಬೆಳಿಗ್ಗೆ ಕಲಸಿ ಸುಮ್ನೆ ಬಿಟ್ಟರೆ ಹೊತ್ತು ಹೋದ ಹಾಗೆ ಹಳದಿ, ಆಮೇಲೆ ಕಂದು. ಗಾಳಿಯ ಆಮ್ಲಜನಕ ಆ ಮೂರನೆಯದನ್ನೂ ಕಿತ್ತುಕೊಂಡಿತು ಅಷ್ಟೇ.

ನನ್ನ ಕೋರಿಕೆ ದೊಡ್ಡದಲ್ಲ. ಆ ಚೌಕಟ್ಟನ್ನು ಇನ್ನೊಮ್ಮೆ ಹಾಕಿ. ಕೆಳಗೆ ಒಂದು ಸಾಲು ಸೇರಿಸಿ: ಕಬ್ಬಿಣ, ತಾಮ್ರದಂಥ ಲೋಹಗಳಲ್ಲಿ ಹೊರಕವಚ ಮುಗಿದ ಮೇಲೆ ಅದರ ಒಳಗಿನ ಕವಚವೂ ಎಲೆಕ್ಟ್ರಾನ್ ಬಿಡಬಹುದು. ಜಾಗ ಇದ್ದರೆ 4562, 1958, 2957, 7733 ಈ ನಾಲ್ಕು ಅಂಕಿಗಳನ್ನೂ ಹಾಕಿ. ಪರೀಕ್ಷೆ ಮುಗಿದ ಮೇಲೆ ಹಾಕಬೇಡಿ. ಮಗಳು ಅಂಟಿಸಿದ ಚೀಟಿಯ ಪಕ್ಕ ಪೆನ್ಸಿಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದಾಳೆ, ನಿಮ್ಮ ಪತ್ರಿಕೆಯಲ್ಲಿ ಬಂದರೆ ಅಳಿಸುತ್ತಾಳಂತೆ.

ಇಂತಿ,
ಒಬ್ಬ ದ್ರಾಕ್ಷಿ ಬೆಳೆಗಾರ, ತಿಕೋಟಾ, ವಿಜಯಪುರ ಜಿಲ್ಲೆ